ಮಂಚದ ಮೇಲಿದ್ದವರು, ಮಂಚದ ಕೆಳಗಿದ್ದವರು

(ಬಳ್ಳಾರಿಯಲ್ಲಿ ಕ್ಯಾನ್ಸರ್ ರೋಗಿಗಳ ಮನೆಯವರು, ಆಶಾ ಕಾರ್ಯಕರ್ತೆಯರು ಮತ್ತು ನರ್ಸುಗಳು ಸೇರಿದ್ದ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನಲ್ಲಿದ್ದ ಪುನರುಕ್ತಿಗಳನ್ನು ತೆಗೆದು, ಕೊನೆಯಲ್ಲಿ ಸಭಿಕರೊಬ್ಬರು ಕೇಳಿದ ಪ್ರಶ್ನೆಯನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಸರ್ಕಾರಿ ಆಸ್ಪತ್ರೆಯ ವಾರ್ಡಿನಲ್ಲಿ ರಾತ್ರಿ ಹತ್ತು ಗಂಟೆಯ ನಂತರ ಕಾಣುವ ನೋಟ ನಿಮಗೆಲ್ಲ ಪರಿಚಿತವೇ. ಮಂಚದ ಮೇಲೆ ರೋಗಿ ಮಲಗಿರುತ್ತಾರೆ. ಮಂಚದ ಕೆಳಗೆ, ರೊಟ್ಟಿಯ ಗಂಟು, ನೀರಿನ ಬಾಟಲಿ, ಸ್ಕ್ಯಾನಿಂಗ್ ಫಿಲ್ಮುಗಳ ದೊಡ್ಡ ಲಕೋಟೆ ಇವುಗಳ ನಡುವೆ, ಮಡಿಚಿದ ಕೌದಿಯ ಮೇಲೆ ಇನ್ನೊಬ್ಬರು ಮುದುಡಿಕೊಂಡಿರುತ್ತಾರೆ. ಅವರು ಹೆಂಡತಿಯಾಗಿರಬಹುದು, ಸೊಸೆಯಾಗಿರಬಹುದು, ಮಗನಾಗಿರಬಹುದು, ಕೆಲವೊಮ್ಮೆ ಶಾಲೆ ಬಿಡಿಸಿ ಕರೆತಂದ ಮೊಮ್ಮಗಳೂ ಆಗಿರಬಹುದು. ಮೇಲಿದ್ದವರ ರಕ್ತದೊತ್ತಡ, ತೂಕ, ಜ್ವರ ಎಲ್ಲವೂ ಕೇಸ್ ಶೀಟಿನಲ್ಲಿ ದಾಖಲಾಗುತ್ತವೆ. ಕೆಳಗಿದ್ದವರು ಉಂಡರೇ, ಮಲಗಿದರೇ ಎಂಬುದನ್ನು ಬರೆದಿಡುವ ಹಾಳೆಯನ್ನು ನಾನು ಇದುವರೆಗೆ ಕಂಡಿಲ್ಲ. ಇವತ್ತು ಈ ಇಬ್ಬರ ಮನಸ್ಸಿನ ಬಗ್ಗೆಯೂ ಮಾತನಾಡುತ್ತೇನೆ. ಕೆಳಗಿದ್ದವರ ಬಗ್ಗೆ ಮಾತು ಸ್ವಲ್ಪ ಹೆಚ್ಚಾದರೆ ಮೇಲಿದ್ದವರು ಕ್ಷಮಿಸಬೇಕು.

ಅದಕ್ಕೆ ನನ್ನದೇ ಒಂದು ಕಾರಣವಿದೆ. ಕೊಪ್ಪಳ ಜಿಲ್ಲೆಯ ಹಳ್ಳಿಯವಳಾದ ನಾನು ಮಾನಸಿಕ ಆರೋಗ್ಯ ಕ್ಷೇತ್ರದಲ್ಲಿ ಸಮಾಜ ಕಾರ್ಯಕರ್ತೆಯಾಗಿ ದುಡಿಯುತ್ತಿರುವಾಗಲೇ ನಮ್ಮವ್ವನಿಗೆ ಸ್ತನ ಕ್ಯಾನ್ಸರ್ ಆಯಿತು. ನಾನಿದ್ದದ್ದು ದೂರದ ಊರಿನಲ್ಲಿ. ಅವ್ವನನ್ನು ನೋಡಿಕೊಂಡವರು ಅಣ್ಣನ ಹೆಂಡತಿ. ಕಿಮೋಥೆರಪಿಗೆಂದು ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿಯಿಡೀ ಕೂತು ಬೆಂಗಳೂರಿಗೆ ಕರೆದೊಯ್ಯುವುದು, ಅಲ್ಲಿ ಸರದಿಯಲ್ಲಿ ನಿಲ್ಲುವುದು, ಊರಿಗೆ ಮರಳಿದ ಮೇಲೆ ವಾಂತಿಯ ಬೋಗುಣಿ ಹಿಡಿಯುವುದು, ಅದರ ನಡುವೆಯೇ ಎರಡು ಎಮ್ಮೆ, ಇಬ್ಬರು ಮಕ್ಕಳು, ದಿನದ ರೊಟ್ಟಿ, ಎಲ್ಲವೂ ಅವರ ಪಾಲಿಗೆ ಬಂತು. ನಾನು ಪ್ರತಿ ಸಂಜೆ ಫೋನ್ ಮಾಡಿ, ‘ಅವ್ವ ಹ್ಯಾಂಗದಾಳ? ಊಟ ಮಾಡಿದಳಾ? ನಿದ್ದಿ ಬಂತಾ?’ ಎಂದು ವಿಚಾರಿಸುತ್ತಿದ್ದೆ. ಅವ್ವ ಗುಣವಾಗಿ, ವರ್ಷ ಕಳೆದ ಮೇಲೆ ಒಂದು ದಿನ ಅತ್ತಿಗೆ ಸೊಪ್ಪು ಸೋಸುತ್ತಾ, ಸಿಟ್ಟಿಲ್ಲದೆ, ತಲೆಯೆತ್ತದೆ ಹೇಳಿದರು: ‘ಅಷ್ಟು ದಿನ ಫೋನ್ ಮಾಡಿದಿ ಯವ್ವಾ, ಒಂದು ದಿನಾನೂ ನೀ ಉಂಡಿಯೇನು ಅಂತ ನನ್ನ ಕೇಳಲಿಲ್ಲ.’ ಇದನ್ನು ಹೇಳಲು ನನಗೆ ಈಗಲೂ ನಾಚಿಕೆಯಾಗುತ್ತದೆ, ಏಕೆಂದರೆ ಜನರನ್ನು ‘ಹೇಗಿದ್ದೀರಿ’ ಎಂದು ಕೇಳುವುದಕ್ಕೇ ನನಗೆ ಸಂಬಳ ಕೊಡುತ್ತಾರೆ.

ಈ ಮಾತನ್ನು ಬಳ್ಳಾರಿಯಲ್ಲಿ ಆಡುವುದಕ್ಕೆ ಇನ್ನೊಂದು ಔಚಿತ್ಯವಿದೆ. ಮನಸ್ಸಿನ ಕಾಯಿಲೆಗೆ ದೊಡ್ಡ ಊರಿನ ದೊಡ್ಡ ಆಸ್ಪತ್ರೆಯೇ ಆಗಬೇಕು ಎಂದು ದೇಶವೆಲ್ಲ ನಂಬಿದ್ದ ಕಾಲದಲ್ಲಿ, 1985ರಲ್ಲಿ, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಬೇರೊಂದು ದಾರಿಯನ್ನು ಪರೀಕ್ಷಿಸಲು ಆರಿಸಿಕೊಂಡದ್ದು ಈ ಜಿಲ್ಲೆಯನ್ನು. ಹೊಸಪೇಟೆ, ಕೂಡ್ಲಿಗಿ, ಹಡಗಲಿಗಳೆಲ್ಲ ಸೇರಿದ್ದ ಹಳೆಯ ಬಳ್ಳಾರಿ ಜಿಲ್ಲೆ ಅದು, ಸುಮಾರು 20 ಲಕ್ಷ ಜನಸಂಖ್ಯೆಯದು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೆ ಕೆಲವು ದಿನಗಳ ತರಬೇತಿ ಕೊಟ್ಟು, ಬೆರಳೆಣಿಕೆಯ ಅಗತ್ಯ ಔಷಧಿಗಳನ್ನು ಕೇಂದ್ರಗಳಲ್ಲೇ ಇಟ್ಟು, ಸರಳವಾದ ದಾಖಲೆ ಪುಸ್ತಕ ಕೊಟ್ಟು, ತಿಂಗಳು ತಿಂಗಳು ಪರಿಶೀಲನೆ ನಡೆಸಿದರು. ಮನೋವೈದ್ಯರಿಲ್ಲದ ಊರಿನಲ್ಲೂ ಮನಸ್ಸಿನ ಕಷ್ಟವನ್ನು ಗುರುತಿಸಬಹುದು, ಸಾಕಷ್ಟನ್ನು ಅಲ್ಲೇ ಗುಣಪಡಿಸಬಹುದು ಎಂಬುದು ಇದರಿಂದ ತಿಳಿಯಿತು. ‘ಬಳ್ಳಾರಿ ಮಾದರಿ’ ಎಂದು ಹೆಸರಾದ ಈ ಪ್ರಯೋಗದ ಆಧಾರದ ಮೇಲೆಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ನಾಲ್ಕು ಜಿಲ್ಲೆಗಳಲ್ಲಿ ಆರಂಭವಾಗಿ, ಮುಂದೆ ದೇಶಕ್ಕೆಲ್ಲ ಹರಡಿತು. ದೇಶದ ಮನೋವೈದ್ಯಕೀಯ ವಿದ್ಯಾರ್ಥಿಗಳು ಪಠ್ಯದಲ್ಲಿ ಓದುವ ಊರಿನ ಹೆಸರನ್ನು ಇಲ್ಲಿಯ ನಾವು ಗಣಿಗೂ ಬಿಸಿಲಿಗೂ ಮಾತ್ರ ನೆನೆಯುತ್ತೇವೆ. ಅಂದು ಈ ಜಿಲ್ಲೆಯ ಆರೋಗ್ಯ ಕಾರ್ಯಕರ್ತರು ಕಲಿತದ್ದು ಕೇಳುವ ವಿದ್ಯೆಯನ್ನು. ಅದನ್ನೇ ಕ್ಯಾನ್ಸರ್ ಬಂದ ಮನೆಗಳಿಗೆ ಒಯ್ಯಬೇಕು, ಮತ್ತು ಒಂದು ಮನೆಯಲ್ಲಿ ಇಬ್ಬರನ್ನು ಕೇಳಬೇಕು ಎಂಬುದಷ್ಟೇ ನನ್ನ ಇವತ್ತಿನ ಮಾತು.

ಕೇಳುವುದಕ್ಕೆ ಮೊದಲು, ಅವರು ಹೇಳುವ ಭಾಷೆ ನಮ್ಮ ಕಿವಿಗೆ ಬೀಳಬೇಕು. ನಮ್ಮ ಕಡೆಯ ಜನ ‘ನನಗೆ ಖಿನ್ನತೆಯಾಗಿದೆ’ ಎನ್ನುವುದಿಲ್ಲ. ಅದು ಪತ್ರಿಕೆಯ ಭಾಷೆ. ‘ಎದಿ ಡಬಡಬ ಅಂತೈತಿ’, ‘ನಿದ್ದಿ ಹತ್ತವಲ್ದು’, ‘ಕೈಕಾಲಾಗ ಕಸುವಿಲ್ಲ’, ‘ಹೊಟ್ಟಿಯೊಳಗ ಬೆಂಕಿ ಇಟ್ಟಂಗ ಆಗತೈತಿ’, ‘ಮನಸು ಯಾವುದಕ್ಕೂ ಒಲ್ಲೆ ಅಂತೈತಿ’ ಎನ್ನುತ್ತಾರೆ. ಮೊದಲ ನಾಲ್ಕನ್ನು ಕೇಳಿದ ವೈದ್ಯರು ಇಸಿಜಿ, ಶಕ್ತಿ ಮಾತ್ರೆ, ಗ್ಯಾಸಿನ ಮಾತ್ರೆ ಬರೆದು ಕಳಿಸುವುದುಂಟು. ಐದನೆಯದನ್ನು ಕೇಳಿಸಿಕೊಳ್ಳುವಷ್ಟು ಹೊತ್ತು ಹೊರರೋಗಿ ವಿಭಾಗದ ಸಾಲಿನಲ್ಲಿ ಇರುವುದಿಲ್ಲ. ಇನ್ನು, ‘ಮನಸ್ಸಿನ ಡಾಕ್ಟರರನ್ನು ಕಾಣೋಣ’ ಎಂದು ನಾವು ಹೇಳಿದರೆ ‘ನನಗೇನು ಹುಚ್ಚು ಹಿಡಿದೈತೇನು?’ ಎಂಬ ಪ್ರಶ್ನೆ ಎದುರಾಗುತ್ತದೆ.

ಇದು ನಮ್ಮ ಹಳ್ಳಿಗಳ ಅಜ್ಞಾನವೆಂದು ತಿಳಿಯಬೇಡಿ. ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟ್ಟರಿಂಗ್ ಕ್ಯಾನ್ಸರ್ ಆಸ್ಪತ್ರೆಯಲ್ಲಿ 1977ರಲ್ಲಿ ಮನೋವೈದ್ಯಕೀಯ ವಿಭಾಗವನ್ನು ಕಟ್ಟಿದ ಡಾ. ಜಿಮ್ಮಿ ಹಾಲೆಂಡ್ ಅವರಿಗೂ ಇದೇ ತೊಡಕು ಎದುರಾಗಿತ್ತು. ಅಲ್ಲಿಯ ರೋಗಿಗಳೂ ‘ಮಾನಸಿಕ’ ಎಂಬ ಮಾತು ಕಿವಿಗೆ ಬಿದ್ದೊಡನೆ ಹಿಂದೆ ಸರಿಯುತ್ತಿದ್ದರು. ಹೀಗಾಗಿ ಅವರೂ ಅವರ ಸಂಗಡಿಗರೂ ರೋಗದ ಹೆಸರುಗಳನ್ನೆಲ್ಲ ಬದಿಗಿಟ್ಟು, ಯಾರೂ ಒಪ್ಪಿಕೊಳ್ಳಲು ನಾಚದಂಥ ‘ಸಂಕಟ’ ಎಂಬರ್ಥದ ಸಾದಾ ಪದವೊಂದನ್ನು ಆರಿಸಿಕೊಂಡು, ಜ್ವರ ಅಳೆಯುವ ಥರ್ಮಾಮೀಟರಿನ ಚಿತ್ರ ಬರೆದು, ಸೊನ್ನೆಯಿಂದ ಹತ್ತರವರೆಗೆ ಗುರುತು ಹಾಕಿ, ‘ಈ ಒಂದು ವಾರದಲ್ಲಿ ನಿಮ್ಮ ಸಂಕಟ ಎಷ್ಟರಲ್ಲಿತ್ತು?’ ಎಂದು ಕೇಳುವ ಪದ್ಧತಿ ತಂದರು. ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಎಂದವರೊಂದಿಗೆ ಕೂತು ವಿವರವಾಗಿ ಮಾತನಾಡಬೇಕು ಎಂಬುದು ಅದರ ನಿಯಮ. ಇಂದು ಜಗತ್ತಿನ ಬಹಳಷ್ಟು ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಇದು ಬಳಕೆಯಲ್ಲಿದೆ.

ನಾನು ಇದನ್ನು ನಮ್ಮ ಕಡೆ ಬಳಸುವಾಗ ಥರ್ಮಾಮೀಟರನ್ನು ಬಿಟ್ಟಿದ್ದೇನೆ. ಸಿರುಗುಪ್ಪ, ಗಂಗಾವತಿ, ಸಿಂಧನೂರಿನ ರೈತರು ಮಳೆಗಾಲದಲ್ಲಿ ಬೆಳಗೆದ್ದು ಮೊದಲು ಕೇಳುವುದು ‘ಡ್ಯಾಮಿನ್ಯಾಗ ನೀರು ಎಷ್ಟು ಅಡಿ ಐತಿ?’ ಎಂದು. ನಮ್ಮ ತುಂಗಭದ್ರಾ ಡ್ಯಾಮಿನಲ್ಲಿ 1633 ಅಡಿ ಎಂದರೆ ತುಂಬಿತು ಎಂಬುದು ಇಲ್ಲಿ ಶಾಲೆಯ ಮಕ್ಕಳಿಗೂ ಗೊತ್ತು. ‘ಡ್ಯಾಂ ಖಾಲಿ ಇದ್ದರೆ ಸೊನ್ನೆ, ಇನ್ನೇನು ಗೇಟು ಎತ್ತಲೇಬೇಕು ಎಂಬಂತಿದ್ದರೆ ಹತ್ತು, ನಿಮ್ಮ ಮನಸ್ಸಿನ ಸಂಕಟ ಈ ವಾರ ಎಷ್ಟರಲ್ಲೈತಿ ಯಜಮಾನರೇ?’ ಎಂದು ಕೇಳಿದರೆ, ಅರ್ಧ ನಿಮಿಷ ಯೋಚಿಸಿ, ‘ಎಂಟಕ್ಕ ಬಂದೈತ್ರಿ’ ಎನ್ನುತ್ತಾರೆ. ಆ ಎಂಟರ ಹಿಂದೆ ಏನಿದೆ ಎಂದು ಕೇಳಿದಾಗ ಹೊರಬರುವುದು ಸಾವಿನ ಭಯವೇ ಆಗಿರಬೇಕೆಂದಿಲ್ಲ. ಒಬ್ಬರಿಗೆ ಸೊಸೈಟಿಯ ಸಾಲ, ಇನ್ನೊಬ್ಬರಿಗೆ ನಿಶ್ಚಯವಾಗಿ ನಿಂತುಹೋದ ಮಗಳ ಮದುವೆ, ಮತ್ತೊಬ್ಬರಿಗೆ ಗುಟ್ಕಾ ತಿಂದು ತಾನೇ ತಂದುಕೊಂಡ ರೋಗಕ್ಕೆ ಮನೆಯವರೆಲ್ಲ ಬೆಲೆ ತೆರುತ್ತಿದ್ದಾರೆ ಎಂಬ ಅಪರಾಧ ಭಾವ. ಗರ್ಭಕಂಠದ ಕ್ಯಾನ್ಸರಿನ ಹೆಂಗಸರಲ್ಲಿ ಬಹಳ ಮಂದಿಗೆ, ಗಂಡನಿಗೆ ಇನ್ನು ತನ್ನಿಂದ ಸುಖವಿಲ್ಲ ಎಂಬ, ಯಾರ ಮುಂದೆಯೂ ಆಡಲಾಗದ ಕೊರಗು. ಅಂಕಿಯನ್ನು ಕೇಳಿ ಬರೆದುಕೊಂಡು ಎದ್ದು ಬಂದರೆ, ಡ್ಯಾಮಿನ ಮಟ್ಟ ಬರೆದು ಕಾಲುವೆಗೆ ನೀರು ಬಿಡದೆ ಬಂದ ಹಾಗೆ.

ಇಲ್ಲಿ ಎಚ್ಚರದ ಒಂದು ಮಾತು. ಮನಸ್ಸಿನದೆಂದು ಕಾಣುವುದೆಲ್ಲ ಮನಸ್ಸಿನದಲ್ಲ. ಕಿಮೋಥೆರಪಿಯ ಜೊತೆ ವಾಂತಿ ತಡೆಯಲೆಂದು ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್ ಕೊಡುತ್ತಾರೆ. ಅದನ್ನು ತೆಗೆದುಕೊಂಡ ಒಂದೆರಡು ದಿನ ನಿದ್ದೆ ಹಾರಿಹೋಗಿ, ಸಣ್ಣ ಮಾತಿಗೂ ರೇಗುವುದು ಸಾಮಾನ್ಯ. ‘ಆಸ್ಪತ್ರಿಯಿಂದ ಬಂದ ಕೂಡಲೆ ಅತ್ತಿ ನನ್ನ ಮ್ಯಾಲ ಹರಿಹಾಯ್ತಾಳ’ ಎಂದು ಅಳುತ್ತಿದ್ದ ಸೊಸೆಯೊಬ್ಬಳಿಗೆ, ಅದು ಮಾತ್ರೆಯ ಗುಣವೆಂದೂ, ಮೂರನೆಯ ದಿನಕ್ಕೆ ಇಳಿಯುತ್ತದೆಂದೂ ಮೊದಲೇ ಹೇಳಿದ್ದರೆ ಅಷ್ಟು ಕಣ್ಣೀರು ಉಳಿಯುತ್ತಿತ್ತು. ರಕ್ತಹೀನತೆ, ಥೈರಾಯ್ಡ್ ಕೊರತೆ, ಅಂಕೆಗೆ ಬಾರದ ನೋವು ಇವೂ ಮನುಷ್ಯನನ್ನು ಖಿನ್ನನಂತೆ ಕಾಣಿಸುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ನಿನ್ನೆಯವರೆಗೆ ಸರಿಯಾಗಿದ್ದ ರೋಗಿ ಇದ್ದಕ್ಕಿದ್ದಂತೆ ಹಗಲು ರಾತ್ರಿಗಳ ಗುರುತು ತಪ್ಪಿ, ಸತ್ತುಹೋದ ತಾಯಿಯೊಡನೆ ಮಾತನಾಡುತ್ತಾ, ಹಾಸಿಗೆಯನ್ನು ಕೆದರುತ್ತಿದ್ದರೆ, ಅದು ಖಿನ್ನತೆಯಲ್ಲ, ಗಾಳಿ ಸೋಕಿದ್ದೂ ಅಲ್ಲ. ಸೋಂಕು, ರಕ್ತದಲ್ಲಿನ ಸೋಡಿಯಂ ಏರುಪೇರು ಅಥವಾ ಔಷಧಿಯ ಪರಿಣಾಮದಿಂದ ಮಿದುಳು ಮಂಕಾದ ಸ್ಥಿತಿ ಅದು. ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು.

ಹಾಗಾದರೆ ದುಃಖಕ್ಕೂ ಖಿನ್ನತೆಗೂ ವ್ಯತ್ಯಾಸವೇನು? ಕ್ಯಾನ್ಸರ್ ಎಂದು ತಿಳಿದ ಮೇಲೆ ಅಳುವುದು, ಊಟ ಸೇರದಿರುವುದು, ‘ನನಗೇ ಯಾಕೆ ಬಂತು’ ಎಂದು ಗೋಡೆ ನೋಡುತ್ತಾ ಕೂರುವುದು ಸಹಜ. ಅದಕ್ಕೆ ಮಾತ್ರೆ ಬೇಕಿಲ್ಲ, ಜೊತೆ ಬೇಕು. ಕ್ಯಾನ್ಸರ್ ರೋಗಿಗಳಲ್ಲಿ ಹಸಿವು, ಸುಸ್ತು, ತೂಕಗಳನ್ನು ಮಾತ್ರ ನೋಡಿ ಖಿನ್ನತೆಯನ್ನು ಅಳೆಯಲಾಗದು, ಏಕೆಂದರೆ ಅವು ರೋಗದಿಂದಲೂ ಚಿಕಿತ್ಸೆಯಿಂದಲೂ ಬರುತ್ತವೆ. ನೋಡಬೇಕಾದದ್ದು ಆಸಕ್ತಿಯನ್ನು. ದುಃಖದಲ್ಲಿರುವವರ ಮುಖ ಮೊಮ್ಮಗ ಬಂದಾಗ ಒಂದು ಕ್ಷಣವಾದರೂ ಅರಳುತ್ತದೆ. ಬಯಲಾಟದಲ್ಲಿ ಮದ್ದಲೆ ಬಾರಿಸುತ್ತಿದ್ದ ಹಿರಿಯರೊಬ್ಬರು ನನಗೆ ನೆನಪಾಗುತ್ತಾರೆ. ಪಕ್ಕದ ಓಣಿಯಲ್ಲಿ ರಾತ್ರಿಯಿಡೀ ಆಟ ನಡೆದರೂ, ಈ ಸಲ ಯಾರು ಯಾವ ವೇಷ ಕಟ್ಟಿದರು ಎಂದು ಅವರು ಕೇಳಲಿಲ್ಲ. ಆ ಸಂಗತಿ ಅವರ ಮಗನಿಗೆ ಜ್ವರಕ್ಕಿಂತ ಹೆಚ್ಚು ಆತಂಕ ತಂದಿತು, ಮತ್ತು ಆ ಮಗನ ಆತಂಕ ಸರಿಯಾಗಿಯೇ ಇತ್ತು. ಯಾವುದರಲ್ಲೂ ರುಚಿಯಿಲ್ಲದಿರುವುದು, ‘ನಾನು ಮನೆಗೆ ಭಾರ’ ಎಂಬ ಮಾತು ಮತ್ತೆ ಮತ್ತೆ ಬರುವುದು, ಮುಂದೆ ಏನೂ ಇಲ್ಲ ಎಂಬ ಭಾವ, ಇವು ಎರಡು ವಾರ ಬಿಡದೆ ಕಾಡಿದರೆ ಚಿಕಿತ್ಸೆ ಬೇಕು. ಚಿಕಿತ್ಸೆ ಇದೆ, ಕ್ಯಾನ್ಸರ್ ಜೊತೆಗಿದ್ದರೂ ಖಿನ್ನತೆ ಗುಣವಾಗುತ್ತದೆ. ಮಾತ್ರೆಯ ಗುಣ ಕಾಣಲು ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ, ಆದ್ದರಿಂದ ನಾಲ್ಕೇ ದಿನಕ್ಕೆ ಬಿಡಬಾರದು. ಸ್ತನ ಕ್ಯಾನ್ಸರಿಗೆ ಟ್ಯಾಮೋಕ್ಸಿಫೆನ್ ತೆಗೆದುಕೊಳ್ಳುವವರು ಅದನ್ನು ಮನೋವೈದ್ಯರಿಗೆ ತಪ್ಪದೆ ತಿಳಿಸಬೇಕು. ಖಿನ್ನತೆಯ ಕೆಲವು ಮಾತ್ರೆಗಳು ಅದರ ಕೆಲಸವನ್ನು ಕುಂದಿಸಬಹುದು.

ಇನ್ನು, ಹೇಳಲು ಕಷ್ಟವಾದರೂ ಬಿಡಬಾರದ ವಿಷಯ. ‘ಸತ್ತರೆ ಸಾಕು’ ಎಂದು ರೋಗಿಯೋ ನೋಡಿಕೊಳ್ಳುವವರೋ ಅಂದರೆ, ‘ಹಾಗೆಲ್ಲ ಅನಬಾರದು’ ಎಂದು ಬಾಯಿ ಮುಚ್ಚಿಸಬೇಡಿ. ‘ಜೀವ ಕಳಕೊಳ್ಳೋ ವಿಚಾರ ಬರತೈತೇನು?’ ಎಂದು ನೇರವಾಗಿ, ಮೆತ್ತಗೆ ಕೇಳಿ. ಕೇಳಿದರೆ ಇಲ್ಲದ ವಿಚಾರವನ್ನು ತಲೆಯಲ್ಲಿ ಬಿತ್ತಿದಂತಾಗುತ್ತದೆ ಎಂಬ ಭಯ ಸುಳ್ಳು. ಕೇಳಿದವರೊಬ್ಬರು ಸಿಕ್ಕರು ಎಂಬುದೇ ಹಲವರಿಗೆ ಬಿಡುಗಡೆ. ಹತ್ತಿ, ಮೆಣಸಿನಕಾಯಿ, ಭತ್ತ ಬೆಳೆಯುವ ನಮ್ಮ ಮನೆಗಳಲ್ಲಿ ಕ್ರಿಮಿನಾಶಕದ ಡಬ್ಬಿ ಅಡುಗೆಮನೆಯ ಅಟ್ಟದಲ್ಲೋ ಪಡಸಾಲೆಯ ಮೂಲೆಯಲ್ಲೋ ಇರುತ್ತದೆ. ಅದನ್ನು ಅವತ್ತೇ ಮನೆಯಿಂದ ಹೊರಗೆ ಸಾಗಿಸಿ, ಬೀಗ ಹಾಕಿ, ಕೀಲಿಯನ್ನು ಬೇರೆಯವರ ಕೈಗೆ ಕೊಡಿ. ಆ ರಾತ್ರಿ ಅವರನ್ನು ಒಂಟಿಯಾಗಿ ಬಿಡಬೇಡಿ. ಹಗಲಾಗಲಿ ರಾತ್ರಿಯಾಗಲಿ 14416ಕ್ಕೆ ಫೋನ್ ಮಾಡಬಹುದು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ ಅದು. ಕನ್ನಡದಲ್ಲೇ ಮಾತನಾಡುತ್ತಾರೆ, ಹಣ ಕೊಡಬೇಕಿಲ್ಲ. ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರನ್ನು ಕಾಣಬಹುದು.

ನೋವಿನ ಬಗ್ಗೆ ಎರಡು ಮಾತು. ಲಂಡನ್ನಿನಲ್ಲಿ 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಆರೈಕೆ ಕೇಂದ್ರವನ್ನು ತೆರೆದ ಸಿಸಿಲಿ ಸಾಂಡರ್ಸ್ ಅವರು, ಕ್ಯಾನ್ಸರಿನ ನೋವು ಮೈಯದಷ್ಟೇ ಅಲ್ಲ, ಮನಸ್ಸು, ಸಂಸಾರ, ದೇವರ ಮೇಲಿನ ನಂಬಿಕೆ ಎಲ್ಲವೂ ಒಟ್ಟಾಗಿ ನೋಯುತ್ತವೆ ಎಂದು ತೋರಿಸಿಕೊಟ್ಟರು. ನೋವಿನಲ್ಲಿ ಹೊರಳಾಡುವವರಿಗೆ ಧೈರ್ಯದ ಮಾತು ಹೇಳುವುದು ಉಪದ್ರವವೇ ಸರಿ; ಮೊದಲು ನೋವು ಇಳಿಯಬೇಕು. ತೀವ್ರ ನೋವಿಗೆ ಕೊಡುವ ಮಾರ್ಫಿನ್ ಎಂದರೆ ‘ಕೊನೆಯ ಔಷಧಿ’ ಎಂಬ ಅಂಜಿಕೆ ನಮ್ಮ ವೈದ್ಯರಲ್ಲೂ ಇದೆ. ನೋವಿಗೆ ತಕ್ಕ ಪ್ರಮಾಣದಲ್ಲಿ, ವೈದ್ಯರ ಮೇಲ್ವಿಚಾರಣೆಯಲ್ಲಿ ಕೊಟ್ಟರೆ ಅದು ಸುರಕ್ಷಿತ, ಮತ್ತು 2014ರಲ್ಲಿ ಮಾದಕ ವಸ್ತುಗಳ ಕಾನೂನಿಗೆ ತಿದ್ದುಪಡಿಯಾದ ಮೇಲೆ ಆಸ್ಪತ್ರೆಗಳು ಅದನ್ನು ಪಡೆಯುವ ದಾರಿಯೂ ಸರಳವಾಗಿದೆ. ನೋವು, ಸಂಕಟಗಳನ್ನು ತಗ್ಗಿಸುವ ಇಂಥ ಉಪಶಾಮಕ ಆರೈಕೆ ಎಂದರೆ ಕೈಚೆಲ್ಲುವುದಲ್ಲ. ಅಮೆರಿಕದ ಬಾಸ್ಟನ್ನಿನಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹರಡಿದ್ದ 151 ರೋಗಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆರಂಭದಿಂದಲೇ ಇಂಥ ಆರೈಕೆ ಸಿಕ್ಕವರಲ್ಲಿ ಖಿನ್ನತೆಯ ಲಕ್ಷಣಗಳಿದ್ದವರು ಶೇ. 16, ಸಿಗದವರಲ್ಲಿ ಶೇ. 38. ಆರೈಕೆ ಸಿಕ್ಕವರು ಕೆಲವು ತಿಂಗಳು ಹೆಚ್ಚು ಬದುಕಿದ್ದೂ ಉಂಟು.

ರೋಗಿಗೆ ರೋಗದ ಹೆಸರು ಹೇಳಬೇಕೇ ಬೇಡವೇ ಎಂಬ ಪ್ರಶ್ನೆ ಪ್ರತಿ ಮನೆಯಲ್ಲೂ ಏಳುತ್ತದೆ. ‘ಅಪ್ಪಾರಿಗೆ ಹೇಳಬ್ಯಾಡ್ರಿ, ಎದಿ ಒಡಕೊಂತಾರ’ ಎಂದು ಮಕ್ಕಳು ಹೊರಗೆ ವೈದ್ಯರ ಕೈ ಹಿಡಿದುಕೊಂಡರೆ, ಒಳಗೆ ಅಪ್ಪ, ‘ಹುಡುಗರಿಗೆ ಗೊತ್ತಾಗೋದು ಬ್ಯಾಡ್ರಿ, ಸಣ್ಣವು ಅದಾವು’ ಎನ್ನುತ್ತಾರೆ. ಒಂದೇ ಸೂರಿನಡಿ ಇಬ್ಬರೂ ಒಬ್ಬರಿಗಾಗಿ ಒಬ್ಬರು ನಟಿಸುತ್ತಾ, ಇಬ್ಬರೂ ಒಬ್ಬಂಟಿಯಾಗುತ್ತಾರೆ. ಜನ ‘ಕರೆಂಟ್ ಕೊಡುವುದು’ ಎನ್ನುವ ವಿಕಿರಣ ಚಿಕಿತ್ಸೆಯ ಕೋಣೆಯ ಮುಂದಿನ ಬೆಂಚಿನಲ್ಲಿ ದಿನಾ ಕೂರುವವರಿಗೆ ತಮಗೇನಾಗಿದೆ ಎಂದು ತಿಳಿಯದೆ ಇರುತ್ತದೆಯೇ? ಎಲ್ಲರಿಗೂ ಎಲ್ಲವನ್ನೂ ಹೇಳಿಬಿಡಬೇಕೆಂದು ನಾನು ವಾದಿಸುವುದಿಲ್ಲ. ಕೆಟ್ಟ ಸುದ್ದಿ ಹೇಳುವುದಕ್ಕೆ ವೈದ್ಯರಿಗೆ ಕಲಿಸುವ ಆರು ಹಂತದ ಕ್ರಮವೊಂದಿದೆ. ಅದರಲ್ಲಿ ನನಗೆ ಬಹಳ ಬೆಲೆಯುಳ್ಳದ್ದಾಗಿ ಕಂಡದ್ದು ಸುದ್ದಿ ಹೇಳುವ ಮೊದಲಿನ ಹಂತ: ‘ನಿಮ್ಮ ಆರೋಗ್ಯದ ವಿಚಾರ ನಿಮಗೇ ಹೇಳಲೋ, ಮನೆಯವರ ಹತ್ತಿರ ಮಾತಾಡಲೋ?’ ಎಂದು ರೋಗಿಯನ್ನೇ ಕೇಳುವುದು. ‘ಮಗಾ ಅದಾನ, ಅವನ ಹತ್ರ ಮಾತಾಡ್ರಿ’ ಎಂದರೆ ಅದೂ ಅವರದೇ ತೀರ್ಮಾನ. ನಾವು ಅವರಿಗಾಗಿ ತೆಗೆದುಕೊಂಡದ್ದಲ್ಲ.

ಈಗ ಮಂಚದ ಕೆಳಗಿದ್ದವರ ಮಾತಿಗೆ ಬರುತ್ತೇನೆ. ಅಮೆರಿಕದಲ್ಲಿ ಕಾಯಿಲೆಯ ಸಂಗಾತಿಯನ್ನು ನೋಡಿಕೊಳ್ಳುತ್ತಿದ್ದ ವೃದ್ಧರನ್ನು ನಾಲ್ಕು ವರ್ಷ ಗಮನಿಸಿ 1999ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಆರೈಕೆಯ ಹೊರೆಯಿಂದ ಬಳಲಿದವರಲ್ಲಿ ಸಾವಿನ ಪ್ರಮಾಣ, ಅಂಥ ಹೊಣೆಯಿಲ್ಲದವರಿಗಿಂತ ಶೇ. 63ರಷ್ಟು ಹೆಚ್ಚಾಗಿತ್ತು. ಅದು ಕ್ಯಾನ್ಸರ್ ಒಂದಕ್ಕೇ ಸೀಮಿತವಾದ ಅಧ್ಯಯನವಲ್ಲ, ಆ ದೇಶದ ಬದುಕೂ ಬೇರೆ. ಆದರೂ ಆರೈಕೆ ಮಾಡುವವರ ಮೈಯೂ ಸವೆಯುತ್ತದೆ ಎಂಬುದು ಅಲ್ಲಿಯಂತೆ ಇಲ್ಲಿಯೂ ನಿಜ. ನಮ್ಮಲ್ಲಿ ಆ ಕೆಲಸ ಹೆಚ್ಚಾಗಿ ಹೆಂಗಸರದು. ಅವರು ತಮ್ಮ ಬಿಪಿ ಮಾತ್ರೆಯನ್ನು ಮರೆಯುತ್ತಾರೆ, ಉಳಿದದ್ದನ್ನು ಉಣ್ಣುತ್ತಾರೆ, ಅಳುವುದಕ್ಕೆ ಬಚ್ಚಲಮನೆಯನ್ನು ಹುಡುಕುತ್ತಾರೆ. ‘ಇದು ಬೇಗ ಮುಗಿದರೆ ಸಾಕಪ್ಪಾ’ ಎಂಬ ಯೋಚನೆ ಒಂದು ರಾತ್ರಿ ಮನಸ್ಸಿನಲ್ಲಿ ಹಾದುಹೋದರೆ, ತಾನು ಪಾಪಿ ಎಂದು ತಿಂಗಳುಗಟ್ಟಲೆ ಬೇಯುತ್ತಾರೆ. ಆ ಯೋಚನೆ ದಣಿದ ಮೈಯದು, ಕೆಟ್ಟ ಮನಸ್ಸಿನದಲ್ಲ ಎಂದು ಅವರಿಗೆ ಯಾರಾದರೂ ಗಟ್ಟಿಯಾಗಿ ಹೇಳಬೇಕು. ಗಂಡಸರು ಆರೈಕೆಗೆ ನಿಂತಾಗ ತೊಂದರೆ ಬೇರೆ ರೂಪದಲ್ಲಿ ಬರುತ್ತದೆ: ಮಾತಿಲ್ಲ, ಅಳುವಿಲ್ಲ, ಸಂಜೆಯ ಕುಡಿತ ಮಾತ್ರ ಒಂದೊಂದು ಗುಟುಕು ಏರುತ್ತದೆ.

‘ನಿನ್ನ ಆರೋಗ್ಯಾನೂ ನೋಡಿಕೋ ಮತ್ತ’ ಎಂಬ ಉಪದೇಶದಿಂದ ಇವರಿಗೆ ಏನೂ ಆಗದು. ಅತ್ತಿಗೆಗೆ ಬೇಕಿದ್ದದ್ದು ನನ್ನ ಉಪದೇಶವಲ್ಲ, ಒಂದು ದಿನದ ರೊಟ್ಟಿ. ಈ ವಿಷಯದಲ್ಲಿ ನಮ್ಮ ಒಕ್ಕಲುತನಕ್ಕೆ ಬಹಳ ಹಳೆಯ ಜ್ಞಾನವಿದೆ; ಅದರ ಹೆಸರು ಮುಯ್ಯಾಳು. ನನ್ನ ಹೊಲದ ಕಳೆಗೆ ನೀನು ಬಾ, ನಿನ್ನ ಹೊಲದ ಕೊಯ್ಲಿಗೆ ನಾನು ಬರುತ್ತೇನೆ. ಕೂಲಿಯ ಲೆಕ್ಕವಿಲ್ಲ, ಆದರೆ ಬರುವ ದಿನ ಖಚಿತ. ಕ್ಯಾನ್ಸರ್ ಬಂದ ಮನೆಗೂ ಇದೇ ಕ್ರಮ ಒಪ್ಪುತ್ತದೆ. ‘ಏನಾರ ಬೇಕಂದ್ರ ಹೇಳು’ ಎಂದರೆ ಯಾರೂ ಹೇಳುವುದಿಲ್ಲ, ಕೇಳುವುದೆಂದರೆ ಬೇಡಿದ ಹಾಗೆ ಅವರಿಗೆ. ‘ಬುಧವಾರ, ಶನಿವಾರ ನಿಮ್ಮ ಮನಿ ರೊಟ್ಟಿ ನಾ ಮಾಡಿ ಕಳಿಸ್ತೀನಿ’, ‘ಮುಂದಿನ ಸಲ ಆಸ್ಪತ್ರಿಗೆ ನಿನ್ನ ಬದಲು ನಾ ಹೋಗ್ತೀನಿ’, ‘ಸಂಜಿಗೆ ಎಮ್ಮಿ ಹಾಲು ನನ್ನ ಮಗ ಹಿಂಡತಾನ’ ಎಂದು ಕೆಲಸದ ಹೆಸರು, ದಿನದ ಹೆಸರು ಹೇಳಿದರೆ ಅದು ಉಪಕಾರವಾಗುವುದಿಲ್ಲ, ಮುಯ್ಯಿಯಾಗುತ್ತದೆ. ವಾರಕ್ಕೆ ಎರಡು ರಾತ್ರಿ ಪೂರ್ತಿ ನಿದ್ದೆ ಸಿಕ್ಕ ಆರೈಕೆದಾರರ ಮುಖದ ಕಳೆಯೇ ಬದಲಾಗಿದ್ದನ್ನು ನಾನು ನೋಡಿದ್ದೇನೆ.

ಮಾತಾಡಿಸಲು ಬರುವ ನೆಂಟರಲ್ಲಿ ಒಂದು ವಿನಂತಿಯಿದೆ. ಬನ್ನಿ, ಅದು ನಮ್ಮ ದೊಡ್ಡ ಪದ್ಧತಿ. ಆದರೆ ರೋಗಿಯ ಮುಂದೆ ಕೂತು, ಅದೇ ರೋಗದಿಂದ ಸತ್ತ ನಿಮ್ಮ ಷಡ್ಡಕರ ಕಥೆಯನ್ನು ಆದಿಯಿಂದ ಅಂತ್ಯದವರೆಗೆ ಹೇಳಬೇಡಿ. ತಟ್ಟೆ ಲೋಟ ಬೇರೆ ಇಡಬೇಡಿ, ಕ್ಯಾನ್ಸರ್ ಅಂಟುವ ರೋಗವಲ್ಲ. ನಾಲ್ಕು ಜನ ಬಂದು ಎರಡು ಸಲ ಚಹಾ ಕುಡಿದು ಹೋದರೆ, ಆ ಲೋಟಗಳನ್ನು ತೊಳೆಯುವವರು ಮಂಚದ ಕೆಳಗಿನವರೇ ಎಂಬುದನ್ನು ಮರೆಯಬೇಡಿ.

ದೇವರ ಮಾತು ಬಂದೇ ಬರುತ್ತದೆ. ಹುಲಿಗಿಯ ಹುಲಿಗೆಮ್ಮನಿಗೆ ಹರಕೆ ಹೊತ್ತ ಎಷ್ಟೋ ಮನೆಗಳನ್ನು ನಾನು ಬಲ್ಲೆ, ನಮ್ಮ ಮನೆಯೂ ಅದರಲ್ಲೊಂದು. ನಂಬಿಕೆ ಮನಸ್ಸಿಗೆ ಆಸರೆಯಾಗುತ್ತದೆ. ಅದನ್ನು ಹೀಯಾಳಿಸುವ ವೈದ್ಯರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಆದರೆ ‘ಹರಕೆ ತಪ್ಪಿತು, ಅದಕ್ಕೇ ರೋಗ ತಿರುಗಿ ಬಂತು’ ಎಂದು ಮನೆಯ ಹೆಂಗಸಿನ ಮೇಲೆ ಹೊರಿಸುವ ಮಾತು ನಂಬಿಕೆಯಲ್ಲ, ಹಿಂಸೆ. ಜೊತೆಗೆ ಒಂದು ವ್ಯವಹಾರದ ಸೂಚನೆ: ಕಿಮೋಥೆರಪಿಯಾದ ಏಳರಿಂದ ಹದಿನಾಲ್ಕು ದಿನಗಳ ನಡುವೆ ಬಿಳಿ ರಕ್ತಕಣಗಳು ಬಹಳ ಇಳಿದಿರುತ್ತವೆ, ಸೋಂಕು ಬೇಗ ತಗಲುತ್ತದೆ. ಹುಣ್ಣಿಮೆಯ ಜನಜಂಗುಳಿ ಆ ದಿನಗಳಲ್ಲೇ ಬಿದ್ದರೆ ಮುಂದಿನ ಹುಣ್ಣಿಮೆಗೆ ಹೋಗಿ. ತಾಯಿ ಒಂದು ತಿಂಗಳು ಕಾಯುತ್ತಾಳೆ.

ಹಣದ ಚಿಂತೆ ಮನಸ್ಸಿನ ಚಿಂತೆಯೇ ಆದ್ದರಿಂದ ಎರಡು ವಿವರಗಳನ್ನು ಹೇಳಿ ಮುಂದೆ ಹೋಗುತ್ತೇನೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಚಿಕಿತ್ಸೆಗೆ ರೈಲಿನಲ್ಲಿ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ದರ್ಜೆಯಲ್ಲಿ ಟಿಕೆಟ್ ಪೂರ್ತಿ ಉಚಿತ, ಜೊತೆಗಾರರೊಬ್ಬರಿಗೆ ಶೇ. 75 ರಿಯಾಯಿತಿ, ಇದಕ್ಕೆ ಆಸ್ಪತ್ರೆಯಿಂದ ನಿಗದಿತ ನಮೂನೆಯ ಪ್ರಮಾಣಪತ್ರ ಬೇಕು. ನಮ್ಮ ಅತ್ತಿಗೆ ಎಷ್ಟೋ ತಿಂಗಳು ಪೂರ್ತಿ ಹಣ ಕೊಟ್ಟು ಓಡಾಡಿದರು, ಯಾರೂ ಹೇಳಿರಲಿಲ್ಲ, ನಾನೂ ಸೇರಿದಂತೆ. ದಿನವೂ ಸ್ವಲ್ಪ ನಡೆಯುವುದರಿಂದ ಚಿಕಿತ್ಸೆಯ ಸುಸ್ತು ಕಡಿಮೆಯಾಗುತ್ತದೆ ಎಂಬುದಕ್ಕೆ ಒಳ್ಳೆಯ ಆಧಾರವಿದೆ. ರೋಗಿಯೂ ನೋಡಿಕೊಳ್ಳುವವರೂ ಒಟ್ಟಿಗೆ ಓಣಿಯ ಕೊನೆಯವರೆಗೆ ಹೋಗಿ ಬಂದರೆ ಇಬ್ಬರಿಗೂ ಹಿತ.

ಮಾತು ಮುಗಿದ ಮೇಲೆ ಕುರುಗೋಡು ಕಡೆಯ ಆಶಾ ಕಾರ್ಯಕರ್ತೆಯೊಬ್ಬರು ಎದ್ದು ನಿಂತು, ‘ಮೇಡಂ, ನಾವು ಕೇಳಿದ ಮ್ಯಾಲ ಅವರು ಅಳಾಕ ಶುರು ಮಾಡಿದ್ರ ಏನು ಮಾಡಬೇಕು? ನನಗ ಅದಾ ಅಂಜಿಕಿ’ ಎಂದರು. ಅಳು ನಿಲ್ಲಿಸಲು ಹೋಗಬೇಡಿ, ನಿಮ್ಮ ಪ್ರಶ್ನೆಯಿಂದ ಆ ಅಳು ಹುಟ್ಟಿದ್ದಲ್ಲ, ಅದು ಮೊದಲೇ ಇತ್ತು ಎಂದು ಹೇಳಿದೆ. ಪಕ್ಕದಲ್ಲಿ ಕೂಡಿ, ನೀರು ಕೊಡಿ, ಗಡಿಯಾರ ನೋಡಬೇಡಿ. ಅಳು ತಗ್ಗಿದ ಮೇಲೆ, ಇವತ್ತು ರಾತ್ರಿ ಮನೆಯಲ್ಲಿ ಜೊತೆಗೆ ಯಾರಿರುತ್ತಾರೆ ಎಂದು ಕೇಳಿ. ಬೇಕೆನಿಸಿದರೆ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ನೀವೇ ಜೊತೆಯಲ್ಲಿ ಹೋಗಿ. ಮತ್ತೆ ಬರುವ ದಿನವನ್ನು ಹೇಳಿ, ಆ ದಿನ ತಪ್ಪಿಸಬೇಡಿ.

‘ಪೇಷಂಟ್ ಹೆಸರು ಬರಿಯಾಕ ನಮ್ಮ ಹತ್ರ ರಿಜಿಸ್ಟರ್ ಐತ್ರಿ. ಸೊಸಿ ಹೆಸರು ಎಲ್ಲಿ ಬರೀಲಿ?’ ಎಂದು ಅವರು ಮತ್ತೆ ಕೇಳಿದರು. ಸದ್ಯಕ್ಕೆ ಅಂಥ ರಿಜಿಸ್ಟರ್ ಇಲ್ಲ, ನಿಮ್ಮ ಡೈರಿಯ ಕೊನೆಯ ಹಾಳೆಯಲ್ಲಿ ಬರೆದುಕೊಳ್ಳಿ ಎಂದೆ.